ಆರು ಲಕ್ಷದ ಹಲ್ಲು ನನಗೆ ಬೇಕೇ?

ನನಗೆ 64 ವರ್ಷ. ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಯಜಮಾನರು ತೀರಿಕೊಂಡಿದ್ದಾರೆ. ಪಿಂಚಣಿ ಬರುತ್ತದೆ, ಬ್ಯಾಂಕಿನಲ್ಲಿ 9 ಲಕ್ಷ ರೂಪಾಯಿ ಠೇವಣಿ ಇದೆ. ಕೆಳಗಿನ ಹಲ್ಲುಗಳೆಲ್ಲ ಹೋಗಿ ನಾಲ್ಕು ವರ್ಷವಾಯಿತು. ಸೆಟ್ಟು ಹಾಕಿಸಿಕೊಂಡೆ, ಆದರೆ ಅದು ನಿಂತ ಕಡೆ ನಿಲ್ಲುವುದಿಲ್ಲ. ಮಂಡಕ್ಕಿಯ ಒಂದು ಕಾಳು ಅಡಿಗೆ ಸೇರಿದರೂ ಕಣ್ಣಲ್ಲಿ ನೀರು ಬರುತ್ತದೆ. ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತೇನೆ. ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನೇ ಬಿಟ್ಟಿದ್ದೇನೆ. ಕಳೆದ ರಾಜ್ಯೋತ್ಸವಕ್ಕೆ ಹಳೆಯ ಶಾಲೆಯವರು ಭಾಷಣಕ್ಕೆ ಕರೆದರೂ ಹೋಗಲಿಲ್ಲ. ಮಾತನಾಡುವಾಗ ಸೆಟ್ಟು ಮೇಲೆದ್ದು ‘ಶ’, ‘ಸ’ ಎರಡೂ ಜಾರುತ್ತವೆ. ಮೂವತ್ತು ವರ್ಷ ಮಕ್ಕಳ ಉಚ್ಚಾರಣೆ ತಿದ್ದಿದವಳಿಗೆ ಅದನ್ನು ಸಹಿಸಲಾಗದು.

ಮೇಲೆ ಐದು ಹಲ್ಲು ಉಳಿದಿವೆ, ಮೂರು ಅಲ್ಲಾಡುತ್ತವೆ. ಬೆಂಗಳೂರಿನಲ್ಲಿರುವ ಮಗಳು ಒಂದು ದೊಡ್ಡ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಉಳಿದದ್ದನ್ನೆಲ್ಲ ಕಿತ್ತು ಎರಡೂ ದವಡೆಗೆ ಫುಲ್ ಮೌತ್ ಇಂಪ್ಲಾಂಟ್ ಮಾಡಬೇಕು, 6.8 ಲಕ್ಷ ಆಗುತ್ತದೆ, ಈ ತಿಂಗಳೊಳಗೆ ಹೇಳಿದರೆ 5.9 ಲಕ್ಷ, ಕಂತಿನಲ್ಲೂ ಕಟ್ಟಬಹುದು ಎಂದರು. ನಮ್ಮೂರಿನ ಇನ್ನೊಬ್ಬರು ಅದನ್ನೇ 3.2 ಲಕ್ಷಕ್ಕೆ ಮಾಡುತ್ತಾರಂತೆ. ಮಗಳು ಸಾಲ ಮಾಡಿಯಾದರೂ ಮಾಡಿಸೋಣ ಎನ್ನುತ್ತಾಳೆ. ಮಗ, ‘ಈ ವಯಸ್ಸಿನಲ್ಲಿ ಅಷ್ಟೊಂದು ಬೇಕಾ ಅಮ್ಮ’ ಅಂದ. ಅವನು ಕೆಟ್ಟವನಲ್ಲ, ಆದರೆ ಆ ಮಾತು ನನ್ನೊಳಗೆ ಕೂತಿದೆ. ಮೊಮ್ಮಕ್ಕಳ ಓದಿಗೆ ಆಗುವ ಹಣವನ್ನು ನನ್ನ ಬಾಯಿಗೆ ಹಾಕಿಕೊಳ್ಳುವುದು ಸ್ವಾರ್ಥವೇ? ಎರಡು ಕಡೆ ಇಷ್ಟೊಂದು ವ್ಯತ್ಯಾಸ ಯಾಕೆ? ಯಾರನ್ನು ನಂಬಲಿ?

ನನಗೆ ಸಕ್ಕರೆ ಕಾಯಿಲೆ ಇದೆ, ಮೂರು ತಿಂಗಳ ಸರಾಸರಿ 8.2 ಬಂದಿದೆ. ಮೂಳೆ ಸವೆತಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುತ್ತೇನೆ. ಇದನ್ನು ಅಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

– ಹೆಸರು ಬೇಡ, ದಾವಣಗೆರೆ

ನಿಮ್ಮ ಪತ್ರದ ತುಂಬ ಹಣದ ಚಿಂತೆ ಇದೆ. ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮಾತ್ರ ನೀವು ಕೊನೆಯಲ್ಲಿ, ಆಗಷ್ಟೇ ನೆನಪಾದಂತೆ ಬರೆದಿದ್ದೀರಿ. ಆ ಇಂಜೆಕ್ಷನ್. ಸೆಟ್ಟು ಕಟ್ಟುವುದನ್ನೇ ವೃತ್ತಿ ಮಾಡಿಕೊಂಡಿದ್ದ ದಂತವೈದ್ಯೆ ನಾನು. ನಿಮ್ಮ ಫೈಲು ನನ್ನ ಮೇಜಿನ ಮೇಲೆ ಬಂದಿದ್ದರೆ ದರಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲು ಅದನ್ನೇ ಕೇಳುತ್ತಿದ್ದೆ.

ವರ್ಷಕ್ಕೊಮ್ಮೆ ಡ್ರಿಪ್ ಹಾಕಿ ಕೊಡುವ ಔಷಧ ಬಹುಮಟ್ಟಿಗೆ ಜೋಲೆಡ್ರೋನಿಕ್ ಆಸಿಡ್ ಆಗಿರುತ್ತದೆ. ವಾರಕ್ಕೊಂದು ನುಂಗುವ ಅಲೆಂಡ್ರೋನೇಟ್ ಮಾತ್ರೆಯೂ ಅದೇ ಗುಂಪಿನದು. ಮೂಳೆ ಕರಗದಂತೆ ತಡೆಯುವುದು ಇವುಗಳ ಕೆಲಸ. ಆದರೆ ಹಲ್ಲು ಕಿತ್ತ ಜಾಗ ಮಾಯಬೇಕಾದರೆ ಹಳೆಯ ಮೂಳೆ ಒಂದಿಷ್ಟು ಕರಗಿ ಹೊಸದು ಹುಟ್ಟಲೇಬೇಕು. ಆ ಕ್ರಿಯೆ ಮಂದವಾದವರಲ್ಲಿ ಅಪರೂಪಕ್ಕೆ ದವಡೆಯ ಮೂಳೆ ತೆರೆದುಕೊಂಡು, ಜೀವ ಕಳೆದುಕೊಂಡು, ತಿಂಗಳುಗಟ್ಟಲೆ ಮಾಯದೆ ಉಳಿಯುತ್ತದೆ. ಕ್ಯಾನ್ಸರ್ ರೋಗಿಗಳಿಗೆ ಕೊಡುವ ಹೆಚ್ಚಿನ ಪ್ರಮಾಣದಲ್ಲಿ ಈ ಅಪಾಯ ದೊಡ್ಡದು, ಮೂಳೆ ಸವೆತಕ್ಕೆ ಕೊಡುವ ಪ್ರಮಾಣದಲ್ಲಿ ಬಹಳ ಚಿಕ್ಕದು. ಹಾಗಾಗಿ ಹೆದರಬೇಡಿ, ಇಂಪ್ಲಾಂಟ್ ನಿಮಗೆ ಆಗುವುದೇ ಇಲ್ಲ ಎಂದೂ ತಿಳಿಯಬೇಡಿ. ಆದರೆ ಈ ವಿಷಯ ಗೊತ್ತಿಲ್ಲದೆ ಒಂದೇ ದಿನ ಐದು ಹಲ್ಲು ಕಿತ್ತು, ಎರಡೂ ದವಡೆ ಕೊರೆಯಲು ಯಾರೂ ಹೊರಡಬಾರದು. ಇಂಜೆಕ್ಷನ್ ಕೊಡುವ ವೈದ್ಯರೂ ಹಲ್ಲಿನ ವೈದ್ಯರೂ ಪರಸ್ಪರ ಮಾತನಾಡಿ, ಕೊನೆಯ ಇಂಜೆಕ್ಷನ್ ಯಾವಾಗ ಆಯಿತು, ಎಷ್ಟು ವರ್ಷದಿಂದ ನಡೆದಿದೆ, ಮುಂದಿನದನ್ನು ಯಾವಾಗ ಕೊಡಬೇಕು ಎಂದು ತೀರ್ಮಾನಿಸಲಿ. ನೀವಾಗಿಯೇ ಔಷಧ ನಿಲ್ಲಿಸಬೇಡಿ. ಈ ಅಂಕಣ ಓದುವ ಬೇರೆಯವರಿಗೂ ಹೇಳುತ್ತೇನೆ, ಆರು ತಿಂಗಳಿಗೊಮ್ಮೆ ಚರ್ಮದಡಿ ಚುಚ್ಚುವ ಡೆನೋಸುಮಾಬ್ ಎಂಬ ಇನ್ನೊಂದು ಔಷಧವಿದೆ. ಅದನ್ನು ತಾವೇ ನಿಲ್ಲಿಸಿದವರಿಗೆ ಬೆನ್ನುಮೂಳೆ ಮುರಿದ ಉದಾಹರಣೆಗಳಿವೆ.

ಸಕ್ಕರೆಯ ವಿಷಯ ಇಷ್ಟು ಜಟಿಲವಲ್ಲ. 8.2 ಇದ್ದಾಗ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕಿಗೆ ದಾರಿಯಾಗುತ್ತದೆ. 7ರ ಆಸುಪಾಸಿಗೆ ಬಂದ ಮೇಲೆ ಶಸ್ತ್ರಚಿಕಿತ್ಸೆ ಮಾಡುವುದು ಒಳ್ಳೆಯದು. ಆ ಪರೀಕ್ಷೆ ಹೇಳುವುದೇ ಹಿಂದಿನ ಮೂರು ತಿಂಗಳ ಕಥೆಯಾದ್ದರಿಂದ ನಿಮಗೆ ಹೇಗಿದ್ದರೂ ಮೂರು ತಿಂಗಳ ಕಾಲಾವಕಾಶ ಬೇಕು. ‘ಈ ತಿಂಗಳೊಳಗೆ’ ಎಂಬ ರಿಯಾಯಿತಿ ನಿಮ್ಮ ದೇಹದ ಲೆಕ್ಕಕ್ಕೆ ಹೊಂದುವುದಿಲ್ಲ. ಅದನ್ನು ಮರೆತುಬಿಡಿ. ತೊಂಬತ್ತು ಸಾವಿರ ರೂಪಾಯಿ ಉಳಿಸುವ ಆತುರದಲ್ಲಿ ತಪ್ಪು ಚಿಕಿತ್ಸೆಗೆ ಐದು ಲಕ್ಷ ತೊಂಬತ್ತು ಸಾವಿರ ಕೊಟ್ಟಂತಾಗಬಾರದು.

ಇನ್ನು ನಿಮ್ಮ ನಿಜವಾದ ಕಷ್ಟಕ್ಕೆ ಬರುತ್ತೇನೆ. ನೀವು ಬರೆದ ಪ್ರತಿಯೊಂದು ಸಂಕಟವೂ, ಮಂಡಕ್ಕಿ ಕಾಳು, ಮೇಲೇಳುವ ಸೆಟ್ಟು, ಜಾರುವ ಅಕ್ಷರ, ಕೆಳಗಿನ ದವಡೆಯದು. ಇದು ನಿಮ್ಮೊಬ್ಬರ ದುರದೃಷ್ಟವಲ್ಲ. ಮೇಲಿನ ಸೆಟ್ಟು ಅಂಗುಳನ್ನು ಪೂರ್ತಿ ಮುಚ್ಚಿ, ಗಾಳಿ ಎಳೆದುಕೊಂಡು ಅಂಟಿ ನಿಲ್ಲುತ್ತದೆ. ಕೆಳಗಿನದಕ್ಕೆ ಅಂಗುಳಿಲ್ಲ. ಕುದುರೆ ಲಾಳದ ಆಕಾರದ ಕಿರಿದಾದ ವಸಡಿನ ಮೇಲೆ ಅದು ಕೂರಬೇಕು, ನಡುವೆ ನಾಲಿಗೆ ದಿನವಿಡೀ ಅದನ್ನು ಎತ್ತುತ್ತಿರುತ್ತದೆ, ಹೊರಗಿನಿಂದ ಕೆನ್ನೆ ತಳ್ಳುತ್ತದೆ. ಜೊತೆಗೆ ಹಲ್ಲು ಹೋದ ಮೇಲೆ ಆ ಜಾಗದ ಮೂಳೆ ಸವೆಯುತ್ತ ಹೋಗುತ್ತದೆ. ಕೆಳದವಡೆ ಮೇಲಿನದಕ್ಕಿಂತ ಹಲವು ಪಟ್ಟು ವೇಗವಾಗಿ ಸವೆಯುತ್ತದೆ ಎಂಬುದು ನಮ್ಮ ಶಾಸ್ತ್ರಕ್ಕೆ ಬಹಳ ಹಿಂದೆಯೇ ತಿಳಿದಿದೆ. ನಾಲ್ಕು ವರ್ಷದ ಹಿಂದಿನ ಅಳತೆಗೆ ಮಾಡಿದ ಸೆಟ್ಟು ಇಂದಿನ ನಿಮ್ಮ ವಸಡಿಗೆ ಹೊಂದದಿರುವುದು ಸಹಜ.

ಇಂಪ್ಲಾಂಟ್ ವಿದ್ಯೆ ಶುರುವಾದದ್ದೇ ಇಂಥ ಕೆಳದವಡೆಗಾಗಿ. ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಎಂಬ ವೈದ್ಯ 1950ರ ದಶಕದಲ್ಲಿ ಮೊಲದ ಮೂಳೆಯ ರಕ್ತಸಂಚಾರ ನೋಡಲು ಟೈಟೇನಿಯಂ ಕೊಳವೆ ಕೂರಿಸಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಹೋದರೆ ಅದು ಮೂಳೆಯ ಜೊತೆ ಒಂದಾಗಿಬಿಟ್ಟಿತ್ತು. 1965ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಯೋಸ್ಟಾ ಲಾರ್ಸನ್ ಎಂಬ ರೋಗಿಯ ಕೆಳದವಡೆಗೆ ಅವರು ನಾಲ್ಕು ಟೈಟೇನಿಯಂ ತಿರುಪು ಹಾಕಿದರು. ಲಾರ್ಸನ್ 2006ರಲ್ಲಿ ತೀರಿಕೊಳ್ಳುವವರೆಗೂ, ನಲವತ್ತು ವರ್ಷಕ್ಕೂ ಹೆಚ್ಚು ಕಾಲ, ಆ ಇಂಪ್ಲಾಂಟುಗಳು ಕೆಲಸ ಮಾಡಿದವು. ಇದನ್ನು ಹೇಳಿದ್ದು ಇಂಪ್ಲಾಂಟ್ ಬರೀ ಜಾಹೀರಾತಿನ ಸರಕಲ್ಲ, ಗಟ್ಟಿಯಾದ ವಿದ್ಯೆ ಎಂದು ನಿಮಗೆ ಧೈರ್ಯ ಬರಲಿ ಎಂದು. ನನಗೆ ಆ ವಿದ್ಯೆಯ ಮೇಲೆ ಪೂರ್ಣ ವಿಶ್ವಾಸವಿದೆ. ನನ್ನ ತಕರಾರು ಎಲ್ಲರಿಗೂ ಒಂದೇ ದೊಡ್ಡ ಪ್ಯಾಕೇಜ್ ತೋರಿಸುವುದರ ಬಗ್ಗೆ.

2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಒಂದು ಒಮ್ಮತಕ್ಕೆ ಬಂದರು. ಕೆಳಗಿನ ಹಲ್ಲೆಲ್ಲ ಹೋದವರಿಗೆ ಬರೀ ಸೆಟ್ಟು ಇನ್ನು ಮೊದಲ ಆಯ್ಕೆಯಾಗಬಾರದು, ದವಡೆಯ ಮುಂಭಾಗದಲ್ಲಿ ಎರಡು ಇಂಪ್ಲಾಂಟ್ ಕೂರಿಸಿ ಅದರ ಮೇಲೆ ಸೆಟ್ಟನ್ನು ಗುಂಡಿಯಂತೆ ಟಕ್ ಎಂದು ಹಾಕುವ ವ್ಯವಸ್ಥೆ ಮೊದಲ ಆಯ್ಕೆಯಾಗಬೇಕು ಎಂದರು. ಎರಡೇ ಎರಡು. ನಿಮಗೆ ಬಂದ ಎರಡು ಅಂದಾಜುಗಳಲ್ಲೂ ಈ ದಾರಿಯ ಪ್ರಸ್ತಾಪವೇ ಇಲ್ಲದಿರುವುದು ನನಗೆ ಬೇಸರ ತಂದಿತು. ದವಡೆಯ ಮುಂಭಾಗ, ಗಲ್ಲದ ಎರಡೂ ಬದಿಯ ನರ ಹೊರಬರುವ ರಂಧ್ರಗಳ ನಡುವಿನ ಜಾಗ, ಎಷ್ಟೋ ವರ್ಷ ಸೆಟ್ಟು ಹಾಕಿದವರಲ್ಲೂ ಗಟ್ಟಿ ಮೂಳೆ ಉಳಿಸಿಕೊಂಡಿರುತ್ತದೆ. ಅಲ್ಲಿ ನರಕ್ಕೆ ಪೆಟ್ಟಾಗುವ ಭಯ ಕಡಿಮೆ, ಮೂಳೆ ಕಸಿಯ ಅಗತ್ಯ ಸಾಮಾನ್ಯವಾಗಿ ಬೀಳದು, ಗಾಯವೂ ಚಿಕ್ಕದು. ಇಂಜೆಕ್ಷನ್ ತೆಗೆದುಕೊಳ್ಳುವ ನಿಮ್ಮಂಥವರಿಗೆ ಗಾಯ ಚಿಕ್ಕದಾದಷ್ಟೂ ಕ್ಷೇಮ.

ಖರ್ಚು? ಕರ್ನಾಟಕದ ಊರುಗಳಲ್ಲಿ ಈಗ ಕೇಳಿಬರುವ ದರಗಳನ್ನು ನೋಡಿದರೆ ಕೆಳಗೆ ಎರಡು ಇಂಪ್ಲಾಂಟ್ ಮತ್ತು ಅದರ ಸೆಟ್ಟಿಗೆ ಸುಮಾರು 60 ಸಾವಿರದಿಂದ 1.2 ಲಕ್ಷ. ಮೇಲಿನ ಸೆಟ್ಟಿಗೆ ಇನ್ನೊಂದು ಹತ್ತು–ಹದಿನೈದು ಸಾವಿರ ಸೇರಿಸಿಕೊಳ್ಳಿ. ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇದಕ್ಕಿಂತ ಕಡಿಮೆ. ಕೆಳಗೆ ನಾಲ್ಕು ಇಂಪ್ಲಾಂಟ್ ಮೇಲೆ ತೆಗೆಯಲಾಗದ ಹಲ್ಲಿನ ಸಾಲು ಬೇಕೆಂದರೆ ಒಂದು ದವಡೆಗೇ ಎರಡರಿಂದ ನಾಲ್ಕು ಲಕ್ಷ. ಎರಡೂ ದವಡೆಗೆ ಅದನ್ನೇ ಮಾಡಿದಾಗ ನಿಮಗೆ ಹೇಳಿದ ಆರೇಳು ಲಕ್ಷ.

ಎರಡು ಇಂಪ್ಲಾಂಟಿನ ಸೆಟ್ಟು ಹುಟ್ಟುಹಲ್ಲಿಗೆ ಸಮ ಎಂದು ಮಾತ್ರ ಭಾವಿಸಬೇಡಿ. ಅದು ಮೇಲೇಳುವುದಿಲ್ಲ, ಮಾತಿನಲ್ಲಿ ಜಾರುವುದಿಲ್ಲ, ರೊಟ್ಟಿ ಅಗಿಯಬಹುದು. ಆದರೂ ರಾತ್ರಿ ತೆಗೆದಿಡಬೇಕು. ಒಳಗಿನ ನೈಲಾನ್ ಗುಂಡಿಗಳು ಸವೆಯುತ್ತವೆ, ವರ್ಷಕ್ಕೋ ಒಂದೂವರೆ ವರ್ಷಕ್ಕೋ ಬದಲಿಸಬೇಕು, ಅದಕ್ಕೆ ಒಂದಿಷ್ಟು ಖರ್ಚಿದೆ. ಹಿಂಭಾಗದಲ್ಲಿ ಭಾರ ಇನ್ನೂ ವಸಡಿನ ಮೇಲೇ ಬೀಳುತ್ತದೆ, ಅಲ್ಲಿ ಆಗಾಗ ಅಗುಳು ಸೇರಬಹುದು. ತೆಗೆದಿಡುವ ವಸ್ತುವೇ ಬಾಯಲ್ಲಿ ಬೇಡ ಎನ್ನುವಷ್ಟು ಮನಸ್ಸು ಒಗ್ಗದವರಿದ್ದಾರೆ. ಅಂಥವರಿಗೆ ಕೆಳಗೆ ಮಾತ್ರ ನಾಲ್ಕರ ಮೇಲೆ ಸ್ಥಿರ ಹಲ್ಲು, ಮೇಲೆ ಮಾಮೂಲಿ ಸೆಟ್ಟು ಎಂಬ ನಡುವಿನ ದಾರಿಯಿದೆ. ಮೊದಲ ಎರಡು ಇಂಪ್ಲಾಂಟಿನ ಜಾಗವನ್ನು ಯೋಚಿಸಿ ಆರಿಸಿದರೆ, ಒಂದೆರಡು ವರ್ಷ ಬಳಸಿ ನೋಡಿ ಸಾಲದು ಎನಿಸಿದಾಗ ಇನ್ನೆರಡು ಸೇರಿಸುವುದೂ ಸಾಧ್ಯ. ಹೀಗೆ ಚಿಕ್ಕದರಿಂದ ದೊಡ್ಡದಕ್ಕೆ ಹೋಗಬಹುದು. ಒಮ್ಮೆ ಎಲ್ಲ ಕಿತ್ತು ಎಲ್ಲ ಕೂರಿಸಿದ ಮೇಲೆ ಹಿಂದಕ್ಕೆ ಬರಲಾಗದು.

ವಯಸ್ಸಿನ ಬಗ್ಗೆ ಇನ್ನೊಂದು ಮಾತು, ಇದನ್ನು ಕ್ಲಿನಿಕ್ಕುಗಳಲ್ಲಿ ಕಡಿಮೆ ಹೇಳುತ್ತಾರೆ. ಸ್ಥಿರ ಹಲ್ಲಿನ ಅಡಿಯಲ್ಲಿ ದಿನವೂ ಸಣ್ಣ ಬ್ರಷ್ಷು, ನೀರಿನ ಪಿಚಕಾರಿ ಹಾಕಿ ಶುಚಿ ಮಾಡಬೇಕು. ಮಾಡದಿದ್ದರೆ ಇಂಪ್ಲಾಂಟಿನ ಸುತ್ತ ಸೋಂಕಾಗಿ ಮೂಳೆ ಕರಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ, ತಂಬಾಕು ಹಾಕುವವರಲ್ಲಿ ಇದು ಹೆಚ್ಚು. ಇಂದು ನಿಮ್ಮ ಕೈ ಚುರುಕಾಗಿದೆ. ಎಂಬತ್ತಾದಾಗ ಕೈ ನಡುಗಿದರೆ, ಬೇರೆಯವರು ನಿಮ್ಮ ಬಾಯಿ ತೊಳೆಸಬೇಕಾಗಿ ಬಂದರೆ, ಟಕ್ ಎಂದು ತೆಗೆದು ನಲ್ಲಿಯಡಿ ಉಜ್ಜುವ ಸೆಟ್ಟು ದೊಡ್ಡ ಉಪಕಾರ. ಹೆಚ್ಚು ಬೆಲೆಯದ್ದೇ ಹೆಚ್ಚು ಒಳ್ಳೆಯದು ಎಂಬ ಲೆಕ್ಕ ವಯಸ್ಸಾದ ಬಾಯಿಯಲ್ಲಿ ಯಾವಾಗಲೂ ನಿಲ್ಲುವುದಿಲ್ಲ.

ಮೇಲಿನ ಐದು ಹಲ್ಲುಗಳ ಬಗ್ಗೆಯೂ ಆತುರ ಬೇಡ. ಅಲ್ಲಾಡದ ಎರಡು ಹಲ್ಲು ಕೋರೆಹಲ್ಲುಗಳೇ? ಪತ್ರದಲ್ಲಿ ಹೇಳಿಲ್ಲ. ಕೋರೆಹಲ್ಲಿನ ಬೇರು ಉದ್ದ, ಸಾಮಾನ್ಯವಾಗಿ ಕೊನೆಯವರೆಗೂ ಉಳಿಯುವುದು ಅದೇ. ಅಂಥ ಹಲ್ಲನ್ನು ಕೀಳದೆ ರೂಟ್ ಕೆನಾಲ್ ಮಾಡಿ, ವಸಡಿನ ಮಟ್ಟಕ್ಕೆ ತಗ್ಗಿಸಿ, ಅದರ ಮೇಲೆಯೇ ಸೆಟ್ಟು ಕೂರಿಸಬಹುದು. ಬೇರು ಇರುವ ಕಡೆ ಮೂಳೆ ಉಳಿಯುತ್ತದೆ. ಮೂಳೆಯ ಇಂಜೆಕ್ಷನ್ ತೆಗೆದುಕೊಳ್ಳುವವರಲ್ಲಿ ಕೀಳುವುದನ್ನು ಆದಷ್ಟು ತಪ್ಪಿಸಿ ಹೀಗೆ ಉಳಿಸಿಕೊಳ್ಳುವುದು ನಮ್ಮ ವೃತ್ತಿಯ ರೂಢಿ. ಅಲ್ಲಾಡುವ ಮೂರರಲ್ಲೂ ವಸಡಿನ ಚಿಕಿತ್ಸೆ ಆದ ಮೇಲೆ ಯಾವುದು ಗಟ್ಟಿಯಾಗುತ್ತದೆ ಎಂದು ನೋಡಿಯೇ ನಿರ್ಧರಿಸಬೇಕು.

ಈಗ 6.8 ಮತ್ತು 3.2ರ ವ್ಯತ್ಯಾಸ. ಮನೆ ಕಟ್ಟಿಸಿದವರಿಗೆ ಇದು ಗೊತ್ತು: ಚದರಕ್ಕೆ ಇಷ್ಟು ಎಂದು ಇಬ್ಬರು ಮೇಸ್ತ್ರಿಗಳು ಬೇರೆ ಬೇರೆ ದರ ಹೇಳಿದಾಗ ಒಬ್ಬರ ಲೆಕ್ಕದಲ್ಲಿ ಸಂಪು, ಕಾಂಪೌಂಡು, ಬಣ್ಣ ಸೇರಿರುತ್ತದೆ, ಇನ್ನೊಬ್ಬರದರಲ್ಲಿ ಇರುವುದಿಲ್ಲ. ಬಾಯಿಯಲ್ಲೂ ಹಾಗೆಯೇ. ಮೊದಲು ಇಂಪ್ಲಾಂಟ್ ಎಷ್ಟು? ಫುಲ್ ಮೌತ್ ಎಂದರೆ ಒಂದೊಂದು ಹಲ್ಲಿಗೂ ಒಂದೊಂದಲ್ಲ. ಪೋರ್ಚುಗಲ್‌ನ ಪಾಲೊ ಮಾಲೊ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮದಲ್ಲಿ ನಾಲ್ಕರ ಮೇಲೆ ಒಂದು ದವಡೆಯ ಸಾಲು ಪೂರ್ತಿ ನಿಲ್ಲುತ್ತದೆ, ಹಿಂದಿನ ಎರಡನ್ನು ಓರೆಯಾಗಿ ಕೂರಿಸಿ ಮೂಳೆ ಕಸಿಯನ್ನು ತಪ್ಪಿಸುತ್ತಾರೆ. ಮೇಲಿನ ದವಡೆಯ ಮೂಳೆ ಮೆತ್ತಗಾದ್ದರಿಂದ ಕೆಲವರು ಆರು ಹಾಕುತ್ತಾರೆ. ಎರಡನೆಯದು ಕಂಪನಿ. ಸ್ವಿಟ್ಜರ್‌ಲೆಂಡ್‌ನ ಸ್ಟ್ರಾಮನ್, ಬ್ರೊನೆಮಾರ್ಕರ ಸಂಶೋಧನೆಯಿಂದ ಬೆಳೆದ ನೊಬೆಲ್ ಬಯೋಕೇರ್ ದುಬಾರಿ. ಕೊರಿಯಾದ ಓಸ್ಟೆಮ್, ಡೆಂಟಿಯಂ ಅದಕ್ಕಿಂತ ಸಾಕಷ್ಟು ಅಗ್ಗ ಮತ್ತು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಒಳ್ಳೆಯ ಕೈಯಲ್ಲಿ ಕೂತ ಕೊರಿಯಾದ ಇಂಪ್ಲಾಂಟ್, ಆತುರದ ಕೈಯಲ್ಲಿ ಕೂತ ಸ್ವಿಸ್ ಇಂಪ್ಲಾಂಟಿಗಿಂತ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರೇ ಕೇಳಿರದ, ಮುಂದೆ ಬಿಡಿಭಾಗ ಸಿಗದ ಕಂಪನಿಯದು ಮಾತ್ರ ಬೇಡ.

ಹೆಚ್ಚು ಏರುಪೇರಾಗುವುದು ಮೇಲೆ ಕಾಣುವ ಹಲ್ಲಿನಲ್ಲಿ. ಅದು ಅಕ್ರಿಲಿಕ್ಕೋ, ಒಳಗೆ ಲೋಹದ ಪಟ್ಟಿ ಇದೆಯೋ, ಜಿರ್ಕೋನಿಯಾವೋ ಎಂಬುದರ ಮೇಲೆ ಲಕ್ಷಗಳ ಅಂತರವಾಗುತ್ತದೆ. ಕೆಲವರು ಹೇಳುವ ಕಡಿಮೆ ದರ ಮೊದಲ ವಾರದಲ್ಲಿ ಹಾಕುವ ತಾತ್ಕಾಲಿಕ ಹಲ್ಲಿನವರೆಗೆ ಮಾತ್ರ. ಮೂಳೆ ಹಿಡಿದುಕೊಳ್ಳಲು ಕೆಳಗೆ ಸುಮಾರು ಮೂರು ತಿಂಗಳು, ಮೇಲೆ ನಾಲ್ಕರಿಂದ ಆರು ತಿಂಗಳು ಬೇಕು. ಆಮೇಲೆ ಶಾಶ್ವತ ಹಲ್ಲಿಗೆ ಪ್ರತ್ಯೇಕ ಬಿಲ್ಲು ಬರುತ್ತದೆ. ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್, ಹಲ್ಲು ಕೀಳುವುದು, ಅಗತ್ಯ ಬಿದ್ದರೆ ಮೂಳೆ ಕಸಿ, ಇಂಪ್ಲಾಂಟಿಗೂ ಹಲ್ಲಿಗೂ ನಡುವಿನ ಅಬಟ್ಮೆಂಟ್, ಇವೆಲ್ಲ ಮೊತ್ತದಲ್ಲಿ ಸೇರಿವೆಯೇ ಎಂದು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಸ್ಕ್ಯಾನ್ ಮಾಡದೆ ಯಾರಾದರೂ ಮೊತ್ತ ಹೇಳಿದ್ದರೆ ಅದು ಊಹೆ ಅಷ್ಟೇ. ‘ಜೀವಮಾನದ ವಾರಂಟಿ’ ಎಂದಾಗ ಯಾವುದಕ್ಕೆ ಎಂದು ಕೇಳಿ. ಸಾಮಾನ್ಯವಾಗಿ ಅದು ಲೋಹದ ತಿರುಪಿಗೆ. ಮತ್ತೆ ಶಸ್ತ್ರಚಿಕಿತ್ಸೆ ಮಾಡುವ ಶುಲ್ಕಕ್ಕೂ ಮೇಲಿನ ಹಲ್ಲಿಗೂ ಅದು ಅನ್ವಯಿಸದಿರಬಹುದು. ಚಿಕಿತ್ಸೆ ಆದ ದಿನ ಇಂಪ್ಲಾಂಟಿನ ಕಂಪನಿ, ಅಳತೆ, ಲಾಟ್ ಸಂಖ್ಯೆ ಇರುವ ಚೀಟಿಯನ್ನು ಕೇಳಿ ತೆಗೆದುಕೊಂಡು ಆಸ್ಪತ್ರೆ ಫೈಲಿನಲ್ಲಿಡಿ. ಹತ್ತು ವರ್ಷದ ನಂತರ ತಿರುಪು ಸಡಿಲಾಗಿ ಬೇರೆ ಊರಿನ ವೈದ್ಯರ ಮುಂದೆ ಕೂತಾಗ ಆ ಚೀಟಿಯೇ ದಿಕ್ಕು.

ಕಂತಿನ ಸಾಲ ನಿಮಗೆ ಬೇಡ ಎಂದೇ ಹೇಳುತ್ತೇನೆ. ಬಡ್ಡಿಯಿಲ್ಲ ಎಂದರೂ ಪ್ರೊಸೆಸಿಂಗ್ ಶುಲ್ಕವಿರುತ್ತದೆ, ನಗದು ಕೊಟ್ಟವರಿಗೆ ಸಿಗಬಹುದಾದ ಇಳಿಕೆ ಕೈತಪ್ಪುತ್ತದೆ. ಅದಕ್ಕಿಂತ ಮುಖ್ಯವಾಗಿ, ಸಾಲದ ಕಂಪನಿ ಪೂರ್ತಿ ಹಣವನ್ನು ಮೊದಲೇ ಕ್ಲಿನಿಕ್ಕಿಗೆ ಕೊಟ್ಟುಬಿಡುತ್ತದೆ. ಚಿಕಿತ್ಸೆ ಅರ್ಧಕ್ಕೆ ನಿಂತರೂ, ವೈದ್ಯರು ಬದಲಾದರೂ ನಿಮ್ಮ ಕಂತು ನಿಲ್ಲುವುದಿಲ್ಲ. ಕೈಯಿಂದ ಕೊಡುವುದಾದರೆ ಇಂಪ್ಲಾಂಟ್ ಕೂರಿಸಿದ ದಿನ ಒಂದು ಪಾಲು, ಮೂಳೆ ಹಿಡಿದಿದೆ ಎಂದು ಖಚಿತವಾದ ಮೇಲೆ ಒಂದು ಪಾಲು, ಹಲ್ಲು ಹಾಕಿ ಊಟ ಮಾಡಿ ನೋಡಿದ ಮೇಲೆ ಉಳಿದದ್ದು. ಒಳ್ಳೆಯ ವೈದ್ಯರು ಇದಕ್ಕೆ ಒಪ್ಪುತ್ತಾರೆ. ಆರೋಗ್ಯ ವಿಮೆಯನ್ನು ನೆಚ್ಚಿಕೊಳ್ಳಬೇಡಿ, ಅಪಘಾತದಲ್ಲಿ ಹಲ್ಲು ಹೋದ ಹೊರತು ಬಹುತೇಕ ಪಾಲಿಸಿಗಳು ಇದನ್ನು ಹೊರಗಿಡುತ್ತವೆ. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ಟು ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆಯನ್ನು ತಂದಿತು. ಪಿಂಚಣಿ ಇರುವ ನಿಮಗೆ ಅದು ಬಾರದು, ಆದರೆ ನಿಮ್ಮ ಬೀದಿಯಲ್ಲಿ ಬೊಚ್ಚುಬಾಯಲ್ಲಿ ಗಂಜಿ ಕುಡಿಯುವ ಅಜ್ಜ ಅಜ್ಜಿ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಲು ಹೇಳಿ.

ಈಗ ಸ್ವಾರ್ಥದ ಪ್ರಶ್ನೆ. ನೀವು ಅದನ್ನು ಪತ್ರದ ನಡುವೆ ಕೇಳಿದ್ದರೂ ಉಳಿದದ್ದೆಲ್ಲ ಅದರ ಸುತ್ತಲೇ ಇದೆ ಎಂದು ನನಗೆ ಅನಿಸಿತು. ಸ್ವಾರ್ಥವಲ್ಲ. ನಿಮ್ಮ ಮಗ ಇದನ್ನು ಅಂದ ಕಾಣುವ ಖರ್ಚು ಎಂದುಕೊಂಡಿರಬೇಕು. ಅವನಿಗೆ ನಿಮ್ಮ ತಟ್ಟೆ ತೋರಿಸಿ. ಅಗಿಯಲಾಗದವರು ಏನು ತಿನ್ನುತ್ತಾರೆ? ಮೆತ್ತನೆ ಅನ್ನ, ನೆನೆಸಿದ ರೊಟ್ಟಿ, ಉಪ್ಪಿಟ್ಟು, ಬಾಳೆಹಣ್ಣು, ಹಾಲಿನಲ್ಲಿ ಅದ್ದಿದ ಬಿಸ್ಕತ್ತು. ಕೋಸಂಬರಿ, ಮೊಳಕೆಕಾಳು, ಹಸಿ ತರಕಾರಿ, ಶೇಂಗಾ ತಟ್ಟೆಯಿಂದ ತಾವಾಗಿಯೇ ಬಿಟ್ಟುಹೋಗುತ್ತವೆ. ಹೀಗೆ ತಿಂದರೆ ಸಕ್ಕರೆ ಏರುವುದರಲ್ಲಿ ಆಶ್ಚರ್ಯವಿಲ್ಲ, ಏರಿದ ಸಕ್ಕರೆ ಉಳಿದ ವಸಡನ್ನೂ ಕೆಡಿಸುತ್ತದೆ. ನಿಮ್ಮ 8.2ಕ್ಕೆ ಬಾಯಿಯೂ ಒಂದು ಕಾರಣವಾಗಿರಬಹುದು. ಅರವತ್ತನಾಲ್ಕರ ಹೆಂಗಸಿಗೆ ಮುಂದೆ ಇನ್ನೂ ಇಪ್ಪತ್ತು ವರ್ಷ ಇರಬಹುದು. ದಿನಕ್ಕೆ ಮೂರು ಹೊತ್ತು. ಅಷ್ಟು ಊಟಗಳನ್ನು ನೋವಿನಲ್ಲಿ ಮಾಡಬೇಕೆಂದು ಯಾವ ಮಗನೂ ಬಯಸುವುದಿಲ್ಲ, ಅವನಿಗೆ ಲೆಕ್ಕ ಹೀಗೆ ಹೊಳೆದಿಲ್ಲ ಅಷ್ಟೇ. ಜೊತೆಗೆ ಆ ಒಂಬತ್ತು ಲಕ್ಷ ನೀವು ಸೀಮೆಸುಣ್ಣದ ಧೂಳು ಕುಡಿದು ದುಡಿದದ್ದು. ನಿಮ್ಮ ಬಾಯಿಗೆ ಅದರಲ್ಲಿ ಹಕ್ಕಿದೆ. ಮೊಮ್ಮಕ್ಕಳ ಓದಿಗೆ ಅವರ ಅಪ್ಪ ಅಮ್ಮ ದುಡಿಯುತ್ತಿದ್ದಾರೆ.

ಪಂಕ್ತಿ ಬಿಟ್ಟದ್ದು, ಭಾಷಣಕ್ಕೆ ಹೋಗದಿದ್ದದ್ದು ಕೂಡ ಚಿಕ್ಕ ನಷ್ಟಗಳಲ್ಲ. ಹಲ್ಲು ಹೋದವರು ಮೊದಲು ನಗುವುದನ್ನು ಬಿಡುತ್ತಾರೆ, ಆಮೇಲೆ ಜನರೊಡನೆ ಉಣ್ಣುವುದನ್ನು, ಆಮೇಲೆ ಹೊರಗೆ ಹೋಗುವುದನ್ನೇ. ಎಷ್ಟೋ ಮನೆಗಳಲ್ಲಿ ಇದನ್ನು ‘ಅಮ್ಮನಿಗೆ ವಯಸ್ಸಾಯಿತು, ಮೊದಲಿನ ಹಾಗಿಲ್ಲ’ ಎಂದು ಮುಗಿಸಿಬಿಡುತ್ತಾರೆ. ಆಕೆಗೆ ಆಗಿರುವುದು ವಯಸ್ಸಲ್ಲ, ಒಂದು ಸಡಿಲ ಸೆಟ್ಟು. ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಇದು ಸರಿಪಡಿಸಬಹುದಾದ ದುಃಖ.

ಮಗಳಿಗೂ ಒಂದು ಮಾತು ಹೇಳಿ. ಅವಳ ಪ್ರೀತಿ ದೊಡ್ಡದು, ಆದರೆ ಅಮ್ಮನಿಗೆ ಮಾಡಿಸುವುದಾದರೆ ಎಲ್ಲಕ್ಕಿಂತ ದುಬಾರಿಯದ್ದನ್ನೇ ಮಾಡಿಸಬೇಕು ಎಂದೇನಿಲ್ಲ. ಹಣಕ್ಕಿಂತ ಅವಳು ಕೊಡಬೇಕಾದ್ದು ರಜೆ. ಶಸ್ತ್ರಚಿಕಿತ್ಸೆಯ ದಿನ ಜೊತೆಗಿರಬೇಕು, ಮೊದಲ ವಾರ ಸೋಸಿದ ಸಾರು ಮಾಡಿಕೊಡಬೇಕು, ಆರು ತಿಂಗಳಿಗೊಮ್ಮೆ ತಪಾಸಣೆಗೆ ನೆನಪಿಸಬೇಕು. ಬೆಂಗಳೂರಿಗೆ ಏಳೆಂಟು ಸಲ ಓಡಾಡುವ ಬಸ್ಸಿನ ದಣಿವು, ನಡುವೆ ನೋವು ಬಂದರೆ ಯಾರನ್ನು ಕೇಳುವುದು ಎಂಬ ಗೊಂದಲ, ಇವೂ ಖರ್ಚೇ. ಊರಿನಲ್ಲೇ ಚಿಕಿತ್ಸೆ ಆಗುವುದಾದರೆ ನಾನು ಅದನ್ನೇ ಆರಿಸುತ್ತೇನೆ.

ನಿಮ್ಮ ಊರು ಈ ವಿಷಯದಲ್ಲಿ ಭಾಗ್ಯವಂತ. ದಾವಣಗೆರೆಯಲ್ಲೇ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಬಾಪೂಜಿ ಡೆಂಟಲ್ ಕಾಲೇಜು ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ಎರಡರಲ್ಲಿ ಒಂದಕ್ಕೆ ಹೋಗಿ ಪ್ರೋಸ್ಥೊಡಾಂಟಿಕ್ಸ್ ವಿಭಾಗವನ್ನು ಕೇಳಿ, ಸೆಟ್ಟು ಮತ್ತು ಇಂಪ್ಲಾಂಟಿನ ಹಲ್ಲಿನ ತಜ್ಞರು ಇರುವುದು ಅಲ್ಲಿಯೇ. ಕಾಲೇಜಿನಲ್ಲಿ ಕಾಯಬೇಕಾಗುತ್ತದೆ, ಸ್ನಾತಕೋತ್ತರ ವಿದ್ಯಾರ್ಥಿಗಳು ಕೆಲಸ ಮಾಡುತ್ತಾರೆ, ಒಂದೊಂದು ಹಂತಕ್ಕೂ ಹೆಚ್ಚು ಸಲ ಬರಹೇಳುತ್ತಾರೆ. ಆದರೆ ಹಿರಿಯ ಪ್ರಾಧ್ಯಾಪಕರು ನೋಡದೆ ಯಾವ ಹಂತವೂ ಮುಂದಕ್ಕೆ ಹೋಗುವುದಿಲ್ಲ, ವಸಡಿನವರು, ಶಸ್ತ್ರಚಿಕಿತ್ಸೆಯವರು ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಸಮಯವಿರುವ ನಿವೃತ್ತರಿಗೆ ಇದು ಒಳ್ಳೆಯ ಜಾಗ.

ಹೋಗುವಾಗ ಇಂಜೆಕ್ಷನ್ನಿನ ಹಳೆಯ ಚೀಟಿಗಳು, ಸಕ್ಕರೆ ವರದಿ, ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ, ಎರಡೂ ಕಡೆಯ ಅಂದಾಜುಪಟ್ಟಿ ಮತ್ತು ಈಗಿನ ಸೆಟ್ಟು ಜೊತೆಗಿರಲಿ. ಸೆಟ್ಟನ್ನು ಹಾಕಿಕೊಂಡೇ ಹೋಗಿ, ಹೇಗೆ ಏಳುತ್ತದೆ ಎಂದು ಅವರು ಕಣ್ಣಾರೆ ನೋಡಲಿ. ಮೊದಲ ದಿನ ಎರಡೇ ಬೇಡಿಕೆ ಇಡಿ. ಒಂದು, ಈ ಸೆಟ್ಟಿನ ಒಳಭಾಗವನ್ನು ಈಗಿನ ವಸಡಿನ ಅಳತೆಗೆ ತುಂಬಿಸಿ ಕೊಡಿ ಎಂದು. ಅದಕ್ಕೆ ರಿಲೈನ್ ಎನ್ನುತ್ತಾರೆ, ಕೆಲವು ನೂರರಿಂದ ಒಂದೆರಡು ಸಾವಿರದೊಳಗೆ ಆಗುತ್ತದೆ, ಸಕ್ಕರೆ ಇಳಿಯುವವರೆಗಿನ ಮೂರು ತಿಂಗಳನ್ನು ನೋವಿಲ್ಲದೆ ಕಳೆಯಬಹುದು. ಎರಡು, ಕೆಳಗೆ ಎರಡು ಇಂಪ್ಲಾಂಟ್ ಹಾಕಿ ಸೆಟ್ಟು ನಿಲ್ಲಿಸಲು ನನ್ನ ಮೂಳೆ ಸಾಕೇ ಎಂದು. ಅವರು ಸ್ಕ್ಯಾನ್ ನೋಡಿ ಸಾಕು ಎಂದರೆ ಬೆಂಗಳೂರಿನ ಕ್ಲಿನಿಕ್ಕಿಗೆ ಫೋನ್ ಮಾಡಿ, ಸದ್ಯಕ್ಕೆ ಬೇಡ ಎಂದು ಹೇಳಿಬಿಡಿ. ಸಾಲದು, ನಾಲ್ಕೇ ಬೇಕು ಎಂದರೆ ಕಾರಣವನ್ನು ಸ್ಕ್ಯಾನಿನ ಮೇಲೆ ಬೆರಳಿಟ್ಟು ತೋರಿಸಲು ಕೇಳಿ, ಬರೆದುಕೊಂಡು ನನಗೆ ಕಳಿಸಿ, ಇಬ್ಬರೂ ಕೂತು ಮತ್ತೆ ಲೆಕ್ಕ ಹಾಕೋಣ.